ಕಂಪ್ಯೂಟರ್ ಬಿಸಾಡಿದ ಸದ್ದು

ನಮ್ಮ ಬೀದೀಲಿ ಕರೆಂಟ್ ಹೋದ್ರೆ ಖುಷಿ ಪಡೋ ಪ್ರಾಣಿ ಅಂತ ಇದ್ದದ್ದು ನಾನೊಬ್ಬನೇ. ದೊಡ್ಡಬಳ್ಳಾಪುರದಲ್ಲಿ ಮಗ್ಗದವರ ಬೀದಿ ಅಂದ್ರೆ ಬೆಳಗ್ಗೆ ಎದ್ದಾಗಿಂದ ಕತ್ತಲಾಗೋವರೆಗೂ ಮನೆಮನೆಯ ಕೆಳಗೂ ಪವರ್‌ಲೂಮ್ ಬಡೀತಾನೇ ಇರುತ್ತೆ. ಕರೆಂಟ್ ಹೋಯ್ತೋ, ಮಗ್ಗ ನಿಲ್ತು, ಸೀರೆ ಅರ್ಧಕ್ಕೆ ನಿಲ್ತು, ಎಲ್ಲರೂ ಬಾಗಿಲಿಗೆ ಬಂದು ಕರೆಂಟಿನವರ ವಂಶವನ್ನೆಲ್ಲ ಜಾಲಾಡೋಕೆ ಶುರು ಮಾಡೋರು. ನಾನು ಮಾತ್ರ ಎರಡೆರಡು ಮೆಟ್ಟಿಲು ಹಾರ್ಕೊಂಡು ಮೇಲಕ್ಕೆ ಓಡ್ತಿದ್ದೆ. ಮೇಲಿನ ರೂಮಲ್ಲಿ ನನ್ನ ಕಂಪ್ಯೂಟರ್ ಇತ್ತು, ಅದಕ್ಕೊಂದು ಯುಪಿಎಸ್ ಇತ್ತು. ಬೀದಿ ತಣ್ಣಗಿರೋ ಆ ಒಂದಿಷ್ಟು ಹೊತ್ತು ನನ್ನದು.

"ಊರಿಗೆಲ್ಲ ಕರೆಂಟ್ ಬಂದ್ರೆ ದೀಪಾವಳಿ, ನಮ್ಮಣ್ಣಂಗೆ ಹೋದ್ರೆ ದೀಪಾವಳಿ," ಅಂತ ತಮ್ಮ ಆಡ್ಕೊಳ್ಳೋನು. ಕೆಳಗಿನ ಮಗ್ಗಗಳನ್ನ ನೋಡ್ಕೊಳ್ಳೋನು ಅವನು. ಅಪ್ಪ ಹೋದ್ಮೇಲೆ ಅವನು ಮಗ್ಗ ಹಿಡಿದ, ನಾನು ಡಿಪ್ಲೊಮಾ ಮಾಡ್ಕೊಂಡು ಬಾಶೆಟ್ಟಿಹಳ್ಳೀಲಿ ಒಂದು ಫ್ಯಾಕ್ಟರಿ ಸೇರಿದೆ. ಕೆಟ್ಟುಹೋದ ಸರ್ಕ್ಯೂಟ್ ಬೋರ್ಡ್ ರಿಪೇರಿ ಮಾಡೋದು ನನ್ನ ಕೆಲಸ. ಗಾಜಿನ ಬಾಗಿಲು, ಏಸಿ ರೂಮು, ಸೂಜಿ ಬಿದ್ರೂ ಕೇಳೋಷ್ಟು ನಿಶ್ಶಬ್ದ ಅಂತ ಎಲ್ಲರ ಹತ್ರ ಕೊಚ್ಕೊಳ್ತಿದ್ದೆ. ಅಲ್ಲಿ ಸೂಜಿ ಬಿದ್ದಿದ್ದು ನಾನು ಒಂದು ಸಲಾನೂ ಕೇಳಿರ್ಲಿಲ್ಲ ಅನ್ನೋದು ತಲೆಗೇ ಹೊಳೆದಿರ್ಲಿಲ್ಲ.

ಮೇಲಿನ ರೂಮಲ್ಲಿ ನಾನು ಮಾಡ್ತಿದ್ದ ಕೆಲಸ ಏನಪ್ಪಾ ಅಂದ್ರೆ, ಮನುಷ್ಯನ ಮಾತನ್ನ ಎಷ್ಟು ಚಿಕ್ಕದಾಗಿ ಹಿಂಡಬಹುದು ಅಂತ ನೋಡೋದು. ಫೋನಲ್ಲಾಗ್ಲಿ ರೇಡಿಯೋದಲ್ಲಾಗ್ಲಿ ಈಗ ಮಾತು ಹೋಗೋದು ಅಂಕಿಗಳಾಗಿ. ಅಂಕಿ ಜಾಸ್ತಿ ಇದ್ರೆ ಅಗಲವಾದ ದಾರಿ ಬೇಕು, ಕಮ್ಮಿ ಇದ್ರೆ ಸಂದೀಲೂ ನುಗ್ಗುತ್ತೆ. ಟವರ್ ಇಲ್ಲದ ಕಡೆ ಒಂದು ಪುಟ್ಟ ರೇಡಿಯೋ ಇಟ್ಕೊಂಡು ಮಾತಾಡ್ಬೇಕು ಅಂದ್ರೆ ಈ ಕಡೆ ಮಾತನ್ನ ಹಿಂಡಿ ಹಿಪ್ಪೆ ಮಾಡಿ ಕಳಿಸ್ಬೇಕು, ಆ ಕಡೆ ಅದಕ್ಕೆ ಮತ್ತೆ ಜೀವ ತುಂಬಬೇಕು. ಇಂಥ ಹುಚ್ಚು ಹತ್ತಿದ ಜನ ಊರೂರಲ್ಲೂ ಇದಾರೆ, ಆನ್‌ಲೈನಲ್ಲಿ ನಮ್ಮದೊಂದು ಗುಂಪೇ ಇದೆ. ತಂತ್ರಾಂಶ ಬರೆಯೋರು ಬೇರೆ, ನಾವು ಮನೇಲಿ ಕೂತು ಪರೀಕ್ಷೆ ಮಾಡೋರು. ಕನ್ನಡದ ಮಾತು ಹಿಂಡಿದ್ರೆ ಹೇಗಿರುತ್ತೆ ಅಂತ ಹೇಳೋ ಜವಾಬ್ದಾರಿ ನನ್ನದು. ನಾನೇ ಮೈಮೇಲೆ ಎಳ್ಕೊಂಡಿದ್ದು ಬಿಡಿ, ಯಾರೂ ಕರೆದು ಕೊಟ್ಟಿರ್ಲಿಲ್ಲ.

ಪರೀಕ್ಷೆ ಸುಲಭ. ಮೈಕಲ್ಲಿ ಮಾತಾಡ್ತಾ ಇದ್ರೆ, ಆ ಕ್ಷಣಕ್ಕೇ ಕಂಪ್ಯೂಟರ್ ಅದನ್ನ ಹಿಂಡಿ, ಬಿಡಿಸಿ, ಹೆಡ್‌ಫೋನಿಗೆ ವಾಪಸ್ ಕೊಡುತ್ತೆ. ಒಂದು ಬಟನ್ ಒತ್ತಿದ್ರೆ ಪೂರ್ತಿ ದನಿ, ಇನ್ನೊಂದು ಒತ್ತಿದ್ರೆ ಅರ್ಧಂಬರ್ಧ ಹಿಂಡಿದ್ದು, ಮೂರನೇದು ಒತ್ತಿದ್ರೆ ತೀರಾ ಹಿಂಡಿದ್ದು. ಮೂರನೇದರಲ್ಲಿ ನನ್ನ ದನಿ ತಗಡಿನ ಡಬ್ಬಿ ಒಳಗೆ ಕೂತು ಮಾತಾಡ್ದಂಗೆ ಇರೋದು. ಅದೊಂದು ತಮಾಷೆ.

ಒಂದು ಸಲ ಪರೀಕ್ಷೆ ನಡೀತಿರುವಾಗ್ಲೇ ಕರೆಂಟ್ ಬಂದ್ಬಿಡ್ತು. ಕೆಳಗಿನ ಮಗ್ಗಗಳು ಒಟ್ಟಿಗೆ ಶುರುವಾದ್ವು. ನನ್ನ ಹೆಡ್‌ಫೋನಲ್ಲಿ ಇದ್ದಕ್ಕಿದ್ದಂಗೆ ಒಂದು ಹಿಂಡು ಗಂಡಸರು ಗೊಣಗೋಕೆ ಶುರು ಮಾಡಿದ್ರು! ಯಾವ ಭಾಷೇನೂ ಅಲ್ಲ, ಆದ್ರೆ ಮನುಷ್ಯರದೇ ದನಿ, ಅವಸರ ಅವಸರವಾಗಿ ಏನೋ ಬೇಡ್ಕೊಳ್ತಿರೋ ಹಾಗೆ. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಬಿಸಾಕ್ದೆ. ಆಮೇಲೆ ಅರ್ಥ ಆಯ್ತು. ಆ ತಂತ್ರಾಂಶಕ್ಕೆ ಗೊತ್ತಿರೋದು ಮನುಷ್ಯನ ಗಂಟಲು ಒಂದೇ. ಏನು ಹಾಕಿದ್ರೂ ಅದನ್ನ ಮಾತು ಮಾಡೋಕೆ ನೋಡುತ್ತೆ, ಮಗ್ಗ ಹಾಕಿದ್ರೂ ಅಷ್ಟೇ. ಅದಕ್ಕೇ ನಾನು ಕರೆಂಟ್ ಹೋಗೋದನ್ನ ಕಾಯ್ತಿದ್ದಿದ್ದು.

ಕರೆಂಟ್ ಹೋದಾಗ ಸದ್ದು ಮಾಡ್ತಿದ್ದ ಜೀವ ಅಂದ್ರೆ ತಮ್ಮನ ಮಗು. ಇನ್ನೂ ವರ್ಷ ತುಂಬಿರದ ಹೆಣ್ಣುಮಗು. ಮಗ್ಗ ನಿಂತ ತಕ್ಷಣ ಎದ್ದು ಕಿರುಚೋದು. ಯಾಕಂದ್ರೆ ಅದರ ತೊಟ್ಟಿಲು ಇದ್ದದ್ದೇ ಮಗ್ಗಗಳ ಮಧ್ಯೆ. ನಮ್ಮ ಮನೇಲಿ ಅದೊಂದು ರೂಢಿ. ಮೇಲಿನ ಕಬ್ಬಿಣದ ಸರಳಿಗೆ ಸೀರೆ ಜೋಲಿ ಕಟ್ಟಿ, ಜೋಲಿಯಿಂದ ಮಗ್ಗಕ್ಕೆ ಒಂದು ಹುರಿ ಎಳೆದು ಗಂಟು ಹಾಕ್ತಾರೆ. ಮಗ್ಗದ ಹಲಗೆ ಬಡಿದಾಗೆಲ್ಲ ಜೋಲಿ ಒಂಚೂರು ಕುಲುಕುತ್ತೆ. ತೂಗೋಕೆ ಆಳು ಬೇಡ, ಹಾಡೋಕೆ ಅಜ್ಜಿ ಬೇಡ. ನಾನೂ ಅಲ್ಲೇ ಮಲಗಿ ಬೆಳೆದೋನು, ತಮ್ಮಾನೂ ಅಲ್ಲೇ. ತಮ್ಮನ ಹೆಂಡತಿ ಹೊಸಕೋಟೆ ಕಡೆಯೋಳು, ಅವರ ಮನೇಲಿ ಹಾಲಿನ ವ್ಯಾಪಾರ. ಮಗೂನ ಅಲ್ಲಿ ಮಲಗಿಸೋಕೆ ಮೊದಮೊದಲು ಹಿಂದುಮುಂದು ನೋಡಿದ್ಲು. ಮಗು ಅಲ್ಲಿ ನಿದ್ದೆ ಮಾಡಿದ ದಿನ ತಮ್ಮ ಬೀದಿಗೆಲ್ಲ ಸಾರಿದ, "ಒಗ್ಗಿಬಿಡ್ತು! ಮಗ್ಗದ ಮನೆ ಮಗು ಅಂದ್ರೆ ಇದು!" ನಾನೂ ಹಲ್ಲು ಕಿರಿದು ಹೌದೌದು ಅಂದೆ. ನಾನೀಗ ಹೇಳ್ತಿರೋದೆಲ್ಲ ಆ ತೊಟ್ಟಿಲಿನ ವಿಷಯಾನೇ.

ನಮ್ಮ ಗುಂಪಲ್ಲಿ ಜಗಳ ಶುರುವಾಗಿದ್ದು ನಡುವಿನ ಬಟನ್ ಬಗ್ಗೆ, ಆ ಅರ್ಧಂಬರ್ಧ ಹಿಂಡಿದ್ದು ಇತ್ತಲ್ಲ, ಅದು. ನಾನು ಬರೆದೆ, "ಪೂರ್ತಿ ದನಿಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಅದ್ಭುತ!" ಉಳಿದೋರು ಒಬ್ಬೊಬ್ಬರಾಗಿ ಬಂದ್ರು. ಇಲ್ಲ, ಇದು ಕಂಬಳಿ ಹೊದ್ದು ಮಾತಾಡಿದ ಹಾಗಿದೆ, ಸಕಾರ ಶಕಾರದ ಸುಯ್ಯನ್ನೋ ಸದ್ದೆಲ್ಲ ಹೊರಟುಹೋಗಿದೆ, ದನಿಯ ಮೇಲ್ಭಾಗಾನೇ ಕತ್ತರಿಸಿದಂಗಿದೆ ಅಂದ್ರು. ನನಗೆ ರೇಗಿಹೋಯ್ತು. "ಸ್ವಾಮಿ, ದಯವಿಟ್ಟು ಕಿವಿಗೆ ಎರಡು ತೊಟ್ಟು ಎಣ್ಣೆ ಬಿಟ್ಕೊಂಡು ಕೇಳಿ," ಅಂತ ಬರೆದುಬಿಟ್ಟೆ. ಅಷ್ಟಕ್ಕೂ ಸುಮ್ನಾಗ್ಲಿಲ್ಲ. ಹಿಂಡೋಕೆ ಮುಂಚೆ ತಂತ್ರಾಂಶ ಕತ್ತರಿಸಿ ಬಿಸಾಡೋ ಭಾಗ ಇರುತ್ತಲ್ಲ, ಅದನ್ನ ಮಾತ್ರ ಕೇಳಿಸೋ ಹಾಗೆ ನಾಲ್ಕನೇ ಬಟನ್ ಒಂದನ್ನ ಮಾಡ್ಕೊಂಡೆ. ಒತ್ತಿ ಕೇಳಿದೆ. ಏನೂ ಇಲ್ಲ, ಖಾಲಿ! ಎದೆ ಉಬ್ಬಿಸ್ಕೊಂಡು ಬರೆದೆ, "ಬಿಸಾಡಿದ್ದರಲ್ಲಿ ಏನೂ ಇಲ್ಲ ಮಹಾಶಯರೇ. ಇಲ್ಲದ್ದು ಕಳೆದುಹೋಯ್ತು ಅಂತ ಅಳ್ತಾ ಇದೀರಿ." ಅಲ್ಲಿಗೆ ಎಲ್ಲರೂ ಸೋತ್ರು ಅಂದ್ಕೊಂಡೆ.

ಗೆಲುವಿಗೊಂದು ಸಾಕ್ಷಿ ಇರ್ಲಿ ಅಂತ ಮುಂದಿನ ಸಲ ಕರೆಂಟ್ ಹೋದಾಗ ಹೆಂಡತೀನ ಕೂಗಿದೆ. ಅವಳು ದೊಡ್ಡಬೆಳವಂಗಲದೋಳು, ಹೊಲಗದ್ದೆಯೋರ ಮನೆ ಮಗಳು. ಮದುವೆ ಆದಾಗ್ಲೇ ಈ ಸದ್ದು ನಂಗಾಗಲ್ಲ ಅಂತ ಹಟ ಹಿಡಿದು ಹಿತ್ತಲ ಕಡೆ ಒಂದು ರೂಮು ಕಟ್ಟಿಸ್ಕೊಂಡು, ಹಗಲೆಲ್ಲ ಅದರ ಬಾಗಿಲು ಜಡಿದುಕೊಂಡೇ ಸಂಸಾರ ಮಾಡ್ದೋಳು. ಕೈ ಒರೆಸ್ಕೊಂಡು ಬಂದ್ಲು, ಹೆಡ್‌ಫೋನ್ ಹಾಕಿಸ್ದೆ, ನಾನು ಮೈಕಲ್ಲಿ ಮಾತಾಡ್ತಾ ಮೊದಲನೇ ಬಟನ್ ಒತ್ತಿದೆ, ಆಮೇಲೆ ಎರಡನೇದು.

"ಎರಡನೇದು ಸಪ್ಪೆ," ಅಂದ್ಲು. "ಬಾಯಿಗೆ ಬಟ್ಟೆ ಕಟ್ಕೊಂಡಂಗಿದೆ."

"ಏಯ್, ಸರಿಯಾಗಿ ಕೇಳೇ."

"ಸರಿಯಾಗೇ ಕೇಳ್ದೆ. ಬೇಕಾದ್ರೆ ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ. ನಾನು ಬಟನ್ ಒತ್ತಿ ಮಾತಾಡ್ತೀನಿ, ಯಾವುದು ಯಾವುದು ಅಂತ ನೀವು ಹೇಳಿ."

ಹೆಡ್‌ಫೋನ್ ನಾನು ಹಾಕ್ಕೊಂಡು ಗೋಡೆ ಕಡೆ ತಿರುಗಿ ಕೂತೆ. ಅವಳು ಮಾತಾಡ್ತಾ ಹೋದ್ಲು, ನಾನು ಮೊದಲನೇದು, ಎರಡನೇದು ಅಂತ ಹೇಳ್ತಾ ಹೋದೆ. ತಿರುಗಿ ನೋಡಿದ್ರೆ ಅವಳು ನಗ್ತಿರ್ಲಿಲ್ಲ. ಸರಿಯಾಗಿದ್ದು ಎಷ್ಟು ಅಂತ ಕೇಳ್ದೆ. "ಕಣ್ಣು ಮುಚ್ಕೊಂಡು ಕಲ್ಲು ಹೊಡೆದ್ರೂ ಇಷ್ಟು ತಗುಲ್ತಿತ್ತು," ಅಂದ್ಲು. ಆಮೇಲೆ ತಾನೇ ನಾಲ್ಕನೇ ಬಟನ್ ಒತ್ತಿ ಮೈಕಿಗೆ ಬಾಯಿಟ್ಟು ಮಾತಾಡೋಕೆ ಶುರು ಮಾಡಿದ್ಲು. ತೆರೆ ಮೇಲೆ ಸದ್ದಿನ ಮಟ್ಟ ತೋರಿಸೋ ಹಸಿರು ಪಟ್ಟಿಗಳು ಎದ್ದೆದ್ದು ಕುಣೀತಿದ್ವು. ನನ್ನ ಹೆಡ್‌ಫೋನಲ್ಲಿ ಏನಂದ್ರೆ ಏನೂ ಇಲ್ಲ.

ಅಷ್ಟು ಎತ್ತರಕ್ಕೆ ಪಟ್ಟಿ ಏಳ್ತಿದ್ರೆ ಸದ್ದು ಇರಲೇಬೇಕು. ನನ್ನ ಜೀವನ ಎಲ್ಲ ಕಳೆದದ್ದು ಇದೇ ಕೆಲಸದಲ್ಲಿ, ಎಲ್ಲಿ ಕಡಿದುಹೋಗಿದೆ ಅಂತ ಹುಡುಕೋದು. ತಂತಿ ಬದಲಾಯಿಸ್ದೆ. ಹೆಡ್‌ಫೋನ್ ಬದಲಾಯಿಸ್ದೆ. ತೂತು ಬದಲಾಯಿಸಿ ಚುಚ್ಚಿದೆ. ಸ್ಪೀಕರ್ ಸಿಕ್ಕಿಸ್ದೆ, ಅದೂ ಮೌನ. ಹೆಂಡತಿ ಮಾತ್ರ ಸ್ಪೀಕರ್ ಕಡೆ ನೋಡಿ, "ಅಬ್ಬಾ, ಹಾವು ಬುಸುಗುಟ್ಟಿದಂಗೆ ಬರ್ತಿದೆಯಲ್ರೀ, ಸಣ್ಣ ಮಾಡಿ," ಅಂತ ಕಿವಿ ಮುಚ್ಕೊಂಡ್ಲು.

ಅವಳು ಕಿವಿ ಮುಚ್ಕೊಂಡಿದ್ದನ್ನ ನೋಡಿ ಕೈಲಿದ್ದ ತಂತಿ ಕೆಳಗಿಟ್ಟೆ. ಮೈಕಿಂದ ಹಿಡಿದು ಕೊನೆ ತುದಿವರೆಗೂ ಎಲ್ಲ ಪರೀಕ್ಷೆ ಆಗಿತ್ತು. ಆ ಸಾಲಲ್ಲಿ ಪರೀಕ್ಷೆ ಆಗದೆ ಉಳಿದಿದ್ದ ಸಾಮಾನು ನಾನೊಬ್ಬನೇ.

"ನಿಂಗೆ ಗೊತ್ತಿತ್ತಾ?" ಅಂದೆ.

"ಗೊತ್ತಿಲ್ದೆ ಏನು? ಈಗ ಹೊರಗೆ ಜೀರುಂಡೆ ಹೆಂಗೆ ಕೂಗ್ತಿವೆ, ಕೇಳ್ಸುತ್ತಾ?"

"ಜೀರುಂಡೆ ಎಲ್ಲಿದಾವೆ ಈಗ? ಸುತ್ತ ಲೇಔಟ್ ಆದ್ಮೇಲೆ ಎಲ್ಲ ಸತ್ತೋದ್ವು."

ಅವಳು ಹೋಗಿ ಕಿಟಕಿ ತೆಗೆದ್ಲು. ಸಂಜೆ ಮಬ್ಬು, ಹಿತ್ತಲಾಚೆ ಖಾಲಿ ಸೈಟಲ್ಲಿ ಗಿಡಗಂಟಿ. "ಕಿವಿ ಕಿತ್ತೋಗೋ ಹಂಗೆ ಕೂಗ್ತಿವೆ," ಅಂದ್ಲು. ನಾನು ಕಿಟಕಿಗೆ ತಲೆ ತೂರಿಸಿ ನಿಂತೆ. ಏನೂ ಇಲ್ಲ. ಅಯ್ಯೋ ದೇವರೇ! ಎಷ್ಟು ವರ್ಷದಿಂದ ಟೀ ಅಂಗಡೀಲಿ ಕೂತು ಭಾಷಣ ಬಿಗಿದಿದ್ದೆ, ರಿಯಲ್ ಎಸ್ಟೇಟ್‌ನೋರು ಜೀರುಂಡೆಗಳ ಸಂತಾನಾನೇ ನಿರ್ನಾಮ ಮಾಡಿದ್ರು ಅಂತ! ಕೇಳ್ತಿದ್ದೋರೂ ನಮ್ಮ ಬೀದಿಯೋರೇ, ಮಗ್ಗದೋರೇ. ಒಬ್ಬನಾದ್ರೂ ಇಲ್ಲ ಅಂದಿರ್ಲಿಲ್ಲ. ಹೌದು ಗುರು, ಈಗ ಕೇಳ್ಸೋದೇ ಇಲ್ಲ ಅಂತ ಎಲ್ಲರೂ ತಲೆ ಆಡಿಸಿದ್ರು.

"ಯಾಕೆ ಹೇಳ್ಲಿಲ್ಲ?" ಅಂತ ಅವಳ ಮೇಲೆ ಹಾರಾಡ್ದೆ. "ಎಷ್ಟು ಸಲ ಹೇಳಿದೀನಿ. ಮಗ್ಗದ ಮನೇಲಿ ಎಲ್ಲರೂ ಹಿಂಗೇ ಕಣೇ ಅಂದ್ಬಿಡ್ತಿದ್ರಿ," ಅಂದ್ಲು. ಅದೂ ನಿಜ. ನಮ್ಮಲ್ಲಿ ಮಾತಾಡೋ ಕ್ರಮಾನೇ ಬೇರೆ. ಹೆಗಲು ಮುಟ್ಟಿ, ಮುಂದೆ ಬಂದು ನಿಂತು, ಬಾಯಿ ಬಿಡಿಸಿ ಹೇಳ್ಬೇಕು. ಬೆನ್ನ ಹಿಂದಿಂದ ಮಾತಾಡಿಸಿದ್ರೆ ಹಿರಿಯರು ಕಪಾಳಕ್ಕೆ ಬಿಡೋರು, ಮರ್ಯಾದೆ ಇಲ್ವಾ ಅಂತ. ತುಟಿ ನೋಡ್ಕೊಂಡೇ ಅರ್ಧ ಮಾತು ಹಿಡಿಯೋ ಜನಕ್ಕೆ ಕಿವಿ ಹೋಗಿರೋದು ಗೊತ್ತಾಗೋದಾದ್ರೂ ಹೆಂಗೆ? ಹೆಡ್‌ಫೋನ್ ಒಳಗೆ ತುಟಿ ಇರ್ಲಿಲ್ಲ, ಅದಕ್ಕೇ ಸಿಕ್ಕಿಬಿದ್ದೆ.

ಬೆಂಗಳೂರಲ್ಲಿ ಒಂದು ಕಿವಿ ಆಸ್ಪತ್ರೆಗೆ ಹೆಂಡತೀನೇ ಕರ್ಕೊಂಡು ಹೋದ್ಲು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಒಂದು ಕಾಗದ ಬಾಯಿಗೆ ಅಡ್ಡ ಹಿಡ್ಕೊಂಡು ಏನೇನೋ ಹೇಳಿ, ವಾಪಸ್ ಹೇಳಿ ಅಂದ್ರು. "ಬಾಯಿ ಮುಚ್ಕೊಂಡ್ರೆ ಹೆಂಗೆ ಕೇಳ್ಸುತ್ತೆ ಮೇಡಂ?" ಅಂತ ರೇಗಿದೆ. "ಕೇಳೋದಕ್ಕೂ ಬಾಯಿಗೂ ಏನ್ ಸಾರ್ ಸಂಬಂಧ?" ಅಂದ್ರು ಅವರು. ನಾಚಿಕೆ ಆಗ್ಬೇಕಿತ್ತು, ನನಗೆ ಹೆದರಿಕೆ ಆಯ್ತು.

ಆಮೇಲೆ ಗಾಜಿನ ಪೆಟ್ಟಿಗೆಯಂಥ ರೂಮಲ್ಲಿ ಕೂರಿಸಿ ಪರೀಕ್ಷೆ ಮಾಡಿ, ನನ್ನ ಕಿವಿ ಎಷ್ಟು ಕೇಳುತ್ತೆ ಅಂತ ಕಾಗದದ ಮೇಲೆ ಗೆರೆ ತೋರಿಸಿದ್ರು. ಗೆರೆ ಒಂದಷ್ಟು ದೂರ ನೆಟ್ಟಗೆ ಬಂದು, ಅಲ್ಲಿಂದ ಬಾವಿಗೆ ಬಿದ್ದಂಗೆ ಕೆಳಗಿಳಿದಿತ್ತು. ದಪ್ಪ ಸದ್ದು ಕೇಳುತ್ತೆ, ಜೀರುಂಡೆಯಂಥ ಕೀಚಲು ಸದ್ದು ಇಲ್ಲ. ಕಿವಿ ಒಳಗೆ ಕೂದಲಂಥ ಎಳೆಗಳಿರ್ತವೆ, ವರ್ಷಗಟ್ಟಲೆ ಜೋರು ಸದ್ದು ಬಿದ್ರೆ ಅವು ಸಾಯ್ತವೆ, ಸತ್ತೋದ್ರೆ ಮತ್ತೆ ಹುಟ್ಟಲ್ಲ ಅಂದ್ರು.

"ಎಷ್ಟು ವರ್ಷ ಮಗ್ಗ ನೇಯ್ದಿದೀರಿ?"

"ಒಂದಿನಾನೂ ಇಲ್ಲ ಮೇಡಂ. ನಾನು ಎಲೆಕ್ಟ್ರಾನಿಕ್ಸ್. ಏಸಿ ರೂಮು."

ಅವರು ಗೆರೆ ನೋಡಿದ್ರು, ನನ್ನ ನೋಡಿದ್ರು. "ಮತ್ತೆ ಮನೆ?"

"ಮನೆ ಮಗ್ಗದ ಮೇಲೇ. ಹುಟ್ಟಿದಾಗಿಂದ್ಲೂ ಅಲ್ಲೇ. ನನ್ನ ತೊಟ್ಟಿಲೇ ಮಗ್ಗಕ್ಕೆ ಕಟ್ಟಿದ್ರು," ಅಂದೆ. ಹಳೇ ಅಭ್ಯಾಸ ನೋಡಿ, ಹೇಳುವಾಗ ದನೀಲಿ ಜಂಬ ಬಂದ್ಬಿಡ್ತು. ಮಕ್ಕಳಿಗೆ ನಿದ್ದೆ ಚೆನ್ನಾಗಿ ಬರುತ್ತೆ ಮೇಡಂ, ಬೇಗ ಒಗ್ಗಿಹೋಗುತ್ತೆ ಅಂತ ಸೇರಿಸ್ದೆ.

"ಅದು ಒಗ್ಗೋದಲ್ಲ ಸಾರ್," ಅಂದ್ರು ಅವರು. "ಕಿವಿ ಹೋಗ್ತಾ ಬಂದಿದೆ ಅಂತ ಅರ್ಥ."

ಹೆಂಡತಿ ನನ್ನ ಕೈ ಹಿಡ್ಕೊಂಡಿದ್ಲು. ನನ್ನ ಕಿವಿ ಹಾಳಾಗ್ಲಿ, ಅದು ಹೋಗಿ ಯಾವ ಕಾಲ ಆಯ್ತೋ. ನಾವಿಬ್ರೂ ಅಲ್ಲಿ ಕೂತಿದ್ದ ಹೊತ್ತಿಗೆ ಮನೇಲಿ ಮಗು ಜೋಲೀಲಿ ಮಲಗಿರುತ್ತೆ. ಆ ಯೋಚನೆ ಬಂದಿದ್ದೇ, ಆಸ್ಪತ್ರೆ ಮೆಟ್ಟಿಲು ಹೆಂಗೆ ಇಳಿದೆನೋ ಗೊತ್ತಿಲ್ಲ. ಬಸ್ಸು ಯಲಹಂಕ ದಾಟೋ ಹೊತ್ತಿಗೆ ಡ್ರೈವರ್‌ನ ಮನಸ್ಸಲ್ಲೇ ನೂರು ಸಲ ಬೈದಿದ್ದೆ, ಇನ್ನೂ ಬೇಗ ಓಡ್ಸೋ ಅಂತ.

ಮನೆಗೆ ಬಂದೋನು ಚಪ್ಪಲೀನೂ ಬಿಡದೆ ಮಗ್ಗದ ಮನೆಗೆ ನುಗ್ಗಿದೆ. ಎಲ್ಲ ಮಗ್ಗಗಳೂ ಓಡ್ತಿದ್ವು. ಮಧ್ಯದಲ್ಲಿ ಜೋಲಿ ಕುಲುಕ್ತಿತ್ತು. ಮಗು ಒಂದು ಕೈ ಹೊರಗೆ ಇಳಿಬಿಟ್ಕೊಂಡು, ಬಾಯಿ ಅರ್ಧ ತೆರೆದು, ಎಂಥ ಚೆಂದದ ನಿದ್ದೆ ಮಾಡ್ತಿತ್ತು ಅಂತೀರಿ! ದಿನಾ ನೋಡ್ತಿದ್ದ ದೃಶ್ಯ ಅದು. ಅವತ್ತು ನೋಡ್ತಾ ನಿಲ್ಲೋಕಾಗ್ಲಿಲ್ಲ. ತಮ್ಮನ ಹೆಗಲು ಹಿಡಿದು ತಿರುಗಿಸ್ದೆ.

"ತೊಟ್ಟಿಲು ಬಿಚ್ಚೋ!"

"ಯಾಕೆ? ಏನಾಯ್ತು?"

"ಮಗು ಕಿವಿ ಹೋಗುತ್ತೆ ಕಣೋ! ನಂದು ಹೋಗಿದೆ. ನಿಂದೂ ಹೋಗಿದೆ, ನಿಂಗೇನೂ ಕೇಳ್ಸಲ್ಲ!"

"ಈಗ ನೀನಂದಿದ್ದು ಕೇಳಿಸ್ತಲ್ಲ," ಅಂತ ನಕ್ಕ. ಅಷ್ಟೂ ಮಗ್ಗ ಬಡೀತಿರುವಾಗ ನನ್ನ ತುಟಿ ನೋಡ್ಕೊಂಡೇ ಅದನ್ನ ಹೇಳ್ದ. ನನಗೆ ಅಳಬೇಕೋ ಹೊಡೀಬೇಕೋ ಗೊತ್ತಾಗ್ಲಿಲ್ಲ.

ಹೊರಗೆ ಎಳ್ಕೊಂಡು ಬಂದು ಜಗುಲಿ ಮೇಲೆ ಕೂರಿಸಿ ಎಲ್ಲ ಹೇಳ್ದೆ. ಅವನು ಒಪ್ಪೋ ಜಾತಿ ಅಲ್ಲ. "ನಮ್ಮಪ್ಪ ಅಲ್ಲೇ ಮಲಗಿದ್ದು, ನಾನು ಅಲ್ಲೇ ಮಲಗಿದ್ದು. ನಂಗೇನಾಗಿದೆ? ಗುಂಡುಕಲ್ಲಂಗಿದೀನಿ. ನಿಂಗೆ ಆ ಕಂಪ್ಯೂಟರ್ ಹುಚ್ಚು ನೆತ್ತಿಗೇರಿದೆ ಅಷ್ಟೇ." ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳ್ತಿದ್ಲು. "ಮಗೂನ ಇವತ್ತೇ ಮೇಲೆ ಮಲಗಿಸ್ತೀನಿ," ಅಂದ್ಲು. "ಮೇಲೆ ಮಲಗುತ್ತಾ ಅದು? ಸದ್ದಿಲ್ದೆ ಕಣ್ಣೇ ಮುಚ್ಚಲ್ಲ. ನೀನು ರಾತ್ರಿಯೆಲ್ಲ ಎತ್ಕೊಂಡು ತಿರುಗು," ಅಂತ ಅವಳ ಬಾಯಿ ಮುಚ್ಚಿಸ್ದ. ಆಮೇಲೆ ನನ್ನ ಕಡೆ ತಿರುಗಿ ಬಾಜಿ ಕಟ್ಟೋನ ಥರ ಹೇಳ್ದ, "ಆಯ್ತು, ನಿನ್ನ ಮಿಷಿನಲ್ಲೇ ನೋಡೇಬಿಡೋಣ. ಮಗೂಗೆ ಕೇಳಿಸ್ತು ಅಂದ್ರೆ ತೊಟ್ಟಿಲು ಅಲ್ಲೇ ಇರುತ್ತೆ. ಇನ್ನೊಂದ್ಸಲ ಈ ಮಾತು ಎತ್ತಂಗಿಲ್ಲ."

ಹೂಂ ಅಂದ್ಬಿಟ್ಟೆ. ಅಂದ ಮೇಲೆ ಹೊಳೀತು ನಾನು ಎಂಥದಕ್ಕೆ ಒಪ್ಕೊಂಡೆ ಅಂತ. ಮಗೂಗೆ ಕೇಳ್ಸಲಿಲ್ಲ ಅಂದ್ರೆ ಅದರ ಕಿವಿ ಆಗ್ಲೇ ಹೋಗಿದೆ ಅಂತ ಅರ್ಥ. ಕೇಳಿಸ್ತು ಅಂದ್ರೆ ಅದನ್ನ ಮತ್ತೆ ತಗೊಂಡು ಹೋಗಿ ಅದೇ ಮಗ್ಗಗಳ ಮಧ್ಯೆ ಮಲಗಿಸ್ತಾನೆ. ಥೂ ನನ್ನ ಬಾಯಿಗಿಷ್ಟು! ಹೆಂಡತಿ ನನ್ನ ನೋಡಿದ ನೋಟಕ್ಕೆ ಸುಟ್ಟು ಬೂದಿ ಆಗ್ಬೇಕಿತ್ತು.

ಮಾರನೇ ಸಂಜೆ ಕರೆಂಟ್ ಹೋಯ್ತು. ಬೀದಿ ಗಪ್‌ಚುಪ್. ಕೆಳಗೆ ಮಗು ಕಿರುಚ್ತಾ ಎದ್ದಿದ್ದು ನನಗೂ ಕೇಳಿಸ್ತು, ಅದು ದಪ್ಪ ಅಳು. ತಮ್ಮನ ಹೆಂಡತಿ ಅದನ್ನ ಮೇಲೆ ಕರ್ಕೊಂಡು ಬಂದು, ಹಾಲು ಕುಡಿಸಿ ಸಮಾಧಾನ ಮಾಡಿ, ಚಾಪೆ ಮೇಲೆ ತೊಡೇಲಿ ಕೂರಿಸ್ಕೊಂಡ್ಲು. ಎದುರಿಗೆ ತಮ್ಮ ಮಂಡಿ ಮಡಚಿ ಕೂತ, ಮಗುವಿನ ಮುಖದ ಮೇಲಿಂದ ಕಣ್ಣು ತೆಗೀದೆ. ಮಗುವಿನ ಹಿಂದೆ ಗೋಡೆ ಗೂಡಲ್ಲಿ ಸ್ಪೀಕರ್ ಇಟ್ಟೆ. ನನ್ನ ಹೆಂಡತಿ ಉದ್ದನೇ ತಂತಿ ಎಳ್ಕೊಂಡು ಮೈಕ್ ಸಮೇತ ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಅವಳು ಅಲ್ಲಿ ಮಾತಾಡ್ತಿದ್ದಂಗೇ ಇಲ್ಲಿ ಸ್ಪೀಕರಲ್ಲಿ ಬರ್ಬೇಕು, ಆದ್ರೆ ಕಂಪ್ಯೂಟರ್ ಕತ್ತರಿಸಿ ಬಿಸಾಡೋ ಭಾಗ ಮಾತ್ರ. ನಾಲ್ಕನೇ ಬಟನ್ ಮೇಲೆ ಬೆರಳಿಟ್ಟೆ.

"ನೀನು ಅಲ್ಲಾಡ್ಬೇಡ," ಅಂತ ತಮ್ಮನ ಹೆಂಡತಿಗೆ ಹೇಳಿ, ಒತ್ತಿದೆ.

ಮಗು ಅಮ್ಮನ ಸೆರಗಿನ ಚುಂಗು ಬಾಯಿಗಿಟ್ಕೊಂಡು ಚೀಪ್ತಿತ್ತು. ತೆರೆ ಮೇಲೆ ಹಸಿರು ಪಟ್ಟಿ ಒಂದು ಸಲ ಎದ್ದು ಮಲಗಿತು. ಮತ್ತೆ ಎದ್ದಿತು. ರೂಮಲ್ಲಿ ನನಗೆ ಕೇಳ್ತಿದ್ದದ್ದು ನನ್ನ ಎದೆ ಬಡಿತ ಒಂದೇ. ಮಗು ಚೀಪೋದು ನಿಲ್ಲಿಸ್ತು. ಕಣ್ಣು ಅಗಲ ಮಾಡ್ತು. ಆಮೇಲೆ ನಿಧಾನಕ್ಕೆ, ಕುತ್ತಿಗೆ ತಿರುಗಿಸಿ, ಹಿಂದಿನ ಗೂಡಿನ ಕಡೆ ನೋಡ್ತು.

ಕೇಳ್ಸುತ್ತೆ! ಮಗೂಗೆ ಕೇಳ್ಸುತ್ತೆ! ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ತಣ್ಣೀರು ಎರಚಿದಂಗಾಯ್ತು, ನಾನು ಬಾಜಿ ಸೋತೆ. ಅಲ್ಲಾಡ್ಬೇಡ ಅಂದಿದ್ರೂ ತಮ್ಮನ ಹೆಂಡತೀನೂ ತಡ್ಕೊಳ್ಳೋಕಾಗದೆ ಗೂ‌ಡಿನ ಕಡೆ ತಿರುಗಿ ನೋಡ್ತಿದ್ಲು. ಪಟ್ಟಿಗಳು ಕುಣೀತಾನೇ ಇದ್ವು. ತಮ್ಮ ಈಗ ಎದ್ದು ತೊಡೆ ತಟ್ತಾನೆ, ನೋಡ್ದಾ ಅಂತಾನೆ, ಮಗೂನ ಎತ್ಕೊಂಡು ಕೆಳಗೆ ಹೋಗ್ತಾನೆ ಅಂತ ಕಾದೆ.

ತಮ್ಮ ಮಗು ನೋಡ್ತಿದ್ದ ಕಡೆ ಕತ್ತೆತ್ತಿ ನೋಡ್ದ. ಗೋಡೆ ಮೇಲೆಲ್ಲ ಕಣ್ಣಾಡಿಸ್ದ.

"ಹಲ್ಲಿ ಗಿಲ್ಲಿ ನೋಡ್ತಿರ್ಬೇಕು," ಅಂದ. "ಶುರು ಮಾಡ್ಸಣ್ಣ ಬೇಗ. ಕರೆಂಟ್ ಬಂದ್ಬಿಡುತ್ತೆ."

ತಮ್ಮನ ಹೆಂಡತಿ ಗೂಡಿನ ಕಡೆಯಿಂದ ಅವನ ಕಡೆ ತಿರುಗಿದ್ಲು. ಅವನಿಗೆ ಚೆನ್ನಾಗಿ ಕಾಣೋ ಹಾಗೆ ಮುಖ ಮುಂದಕ್ಕೆ ತಂದು, ಒಂದೊಂದೇ ಮಾತು ಬಿಡಿಸಿ ಹೇಳಿದ್ಲು.

"ಶುರುವಾಗಿ ಎಷ್ಟೊತ್ತಾಯ್ತು ರೀ. ಅಡುಗೆಮನೇಲಿ ಅಕ್ಕ ಇನ್ನೂ ಮಾತಾಡ್ತಾನೇ ಇದಾರೆ."

ಅವನು ಅವಳ ಮುಖ ನೋಡ್ದ, ನನ್ನ ಮುಖ ನೋಡ್ದ, ನಾವಿಬ್ರೂ ಸೇರಿ ಆಟ ಆಡಿಸ್ತಿದೀವೇನೋ ಅನ್ನೋ ಹಾಗೆ. ಎದ್ದು ಹೋಗಿ ಸ್ಪೀಕರ್‌ಗೆ ಕಿವಿ ಒತ್ತಿ ನಿಂತ. ಕಣ್ಣು ಮುಚ್ಚಿದ. ಆ ಕಿವಿ ತೆಗೆದು ಈ ಕಿವಿ ಒತ್ತಿದ. ಮಗು ಅಮ್ಮನ ತೊಡೆಯಿಂದ ಇಳಿದು ತೆವಳ್ಕೊಂಡು ಅವನ ಕಾಲ ಹತ್ರ ಬಂದು, ಅದೇ ಸ್ಪೀಕರ್ ಕಡೆ ಕೈ ಚಾಚಿ ಕೇಕೆ ಹಾಕಿ ನಗ್ತಿತ್ತು.

"ತೊಟ್ಟಿಲು ಮೇಲಕ್ಕೆ ತಂದ್ಬಿಡು," ಅಂದ ತಮ್ಮ, ಕಿವಿ ಅಲ್ಲಿಂದ ತೆಗೀದೇ.